ಸ್ಯಾಂತ್ವಾಂ ಸಂತೆಯ ಒಂದು ತೂಗುದೀಪದಂಗಡಿ

ಪ್ಯಾರಿಸಿನ ಉತ್ತರದ ಅಂಚಿಗೆ ತಾಗಿರುವ ಸ್ಯಾಂತ್ವಾಂ ಹಳೆಸಾಮಾನಿನ ಸಂತೆಯಲ್ಲಿ ಸ್ಫಟಿಕಗಾಜಿನ ತೂಗುದೀಪಗಳನ್ನಷ್ಟೇ ಮಾರುವ ಸಣ್ಣ ಮಳಿಗೆಯೊಂದಕ್ಕೆ ಎರಡು ಶನಿವಾರ ಹೋಗಿ ಬಂದೆ. ಸೂರಿನಿಂದ ಇಳಿಬಿದ್ದ ಗೊಂಚಲುಗಳ ಕೆಳಗೆ ತಲೆ ತಗ್ಗಿಸಿಯೇ ಓಡಾಡಬೇಕು. ಆದರೆ ಈ ಮಳಿಗೆಯಲ್ಲಿ ನನಗೆ ದೀಪಗಳಿಗಿಂತ ಹೆಚ್ಚು ಮೆಚ್ಚುಗೆಯಾದದ್ದು ಅವಕ್ಕೆ ಕಟ್ಟಿರುವ ಚೀಟಿಗಳು.

ಹಳೆಯ ಫ್ರೆಂಚ್ ದೀಪ ಕಂಡೊಡನೆ ‘ಬಕಾರಾ’ ಎಂದುಬಿಡುವ ಚಾಳಿ ಈ ವ್ಯಾಪಾರಕ್ಕಿದೆ. ಲೊರೇನ್ ಪ್ರಾಂತದ ಬಕಾರಾ ಊರಿನಲ್ಲಿ 1764ರಲ್ಲಿ ಆರಂಭವಾದ ಆ ಕಾರ್ಖಾನೆ ಸೀಸ ಬೆರೆತ ಸ್ಫಟಿಕಗಾಜಿಗೆ ಕೈಹಾಕಿದ್ದು 1816ರ ಬಳಿಕ. ಅದೇ ಪ್ರಾಂತದ ಸ್ಯಾಂ ಲೂಯಿ ಕಾರ್ಖಾನೆಗೆ ಇಂಗ್ಲಿಷರ ಆ ವಿದ್ಯೆ 1781ರಲ್ಲಿಯೇ ಒಲಿದಿತ್ತು. ಬಕಾರಾ 1860ರಲ್ಲಿ ನೋಂದಾಯಿಸಿದ ಗುರುತನ್ನು ಕಾಗದದ ಚೀಟಿಯಲ್ಲಿ ಅಂಟಿಸುತ್ತಿದ್ದರು, ಒಮ್ಮೆ ತೊಳೆದರೆ ಹೋಯಿತು. ಗಾಜಿನ ಮೇಲೆಯೇ ಮುದ್ರೆ ಒತ್ತುವುದು ವಾಡಿಕೆಯಾದದ್ದು 1936ರಿಂದೀಚೆಗೆ. ಆದ್ದರಿಂದ ಕಾಗದಪತ್ರವಿಲ್ಲದ ಹತ್ತೊಂಬತ್ತನೆಯ ಶತಮಾನದ ದೀಪವನ್ನು ಇಂಥವರದೇ ಎನ್ನುವುದು ಬಹುಮಟ್ಟಿಗೆ ಊಹೆಯ ಮಾತು. ಇಲ್ಲಿ ‘ಬಕಾರಾ’ ಎಂದು ಬರೆದದ್ದು ಎರಡೇ ದೀಪಗಳಿಗೆ, ಅವೆರಡಕ್ಕೂ ಹಳೆಯ ಖರೀದಿ ಪತ್ರವಿತ್ತು. ಉಳಿದವು ‘ಬಕಾರಾ ಶೈಲಿ’, ಇಲ್ಲವೇ ಬರಿದೇ ‘ಫ್ರಾನ್ಸ್, 1880ರ ಸುಮಾರು’.

ನಾನು ವಿಚಾರಿಸಿದ್ದು ಚಿನ್ನದ ಮುಲಾಮಿನ ಕಂಚಿನ ಚೌಕಟ್ಟಿರುವ, ಎಂಟು ಕೈಗಳ ದೀಪವನ್ನು. ಮಾಲೀಕರು ಏಣಿ ಹತ್ತಿ ಲೋಲಕವೊಂದನ್ನು ಬಿಡಿಸಿ ಅಂಗೈಗಿಟ್ಟರು: ಗಾತ್ರಕ್ಕೆ ಮೀರಿದ ಭಾರ, ಸಾಣೆ ಹಿಡಿದ ಅಂಚು ಬೆರಳಿಗೆ ಚುರುಕಾಗಿ ತಾಕಿತು. ಕಂಚಿನ ಪಾತ್ರೆ ಕೊಳ್ಳುವಾಗ ನಮ್ಮವರು ಬೆರಳಗಂಟಿನಿಂದ ತಟ್ಟಿ ನೋಡುವ ಹಾಗೆ ಅವರು ಎರಡು ಲೋಲಕಗಳನ್ನು ಮೆಲ್ಲಗೆ ತಾಗಿಸಿದಾಗ ನಾದ ತುಸು ಹೊತ್ತು ನಿಂತಿತು. ಬಳಿಕ, ನಾನು ಕೇಳುವ ಮೊದಲೇ, ಕೆಳಸಾಲಿನ ಹನ್ನೊಂದು ಲೋಲಕಗಳು ಆಮೇಲೆ ಸೇರಿಸಿದವೆಂದು ಅವರೇ ತೋರಿಸಿದರು. ಅವು ಅಚ್ಚಿನಲ್ಲಿ ಒತ್ತಿದ ಗಾಜು, ಅಂಚು ದುಂಡಗೆ, ಪಕ್ಕದಲ್ಲಿ ಕೂದಲೆಳೆಯಂಥ ಅಚ್ಚಿನ ಗೆರೆ. ಪ್ರತಿ ಕೈಯ ಬುಡದಲ್ಲೂ ಅದು ಕೂರುವ ಜಾಗದಲ್ಲೂ ಒಂದೇ ಸಂಖ್ಯೆ ಕೊರೆದಿರುತ್ತದೆ. ಇದರಲ್ಲಿ ಐದನೆಯದೂ ಏಳನೆಯದೂ ಅದಲುಬದಲಾಗಿ, ಇಡೀ ದೀಪ ಸ್ವಲ್ಪ ವಾರೆಯಾಗಿ ತೂಗುತ್ತಿತ್ತು. ಹಿಂದೆ ಬಿಚ್ಚಿ ತೊಳೆದವರು ಯಾರೋ ಅವಸರದವರಿರಬೇಕು.

ದೂರಿಲ್ಲವೆಂದಲ್ಲ. ಮೇಣದ ಬತ್ತಿಗೆಂದು ಮಾಡಿದ ಬಟ್ಟಲುಗಳ ತಳವನ್ನು ವಿದ್ಯುತ್ ತಂತಿಗಾಗಿ ಕೊರೆದಿರುವ ಸಂಗತಿ, ಅಷ್ಟು ಪ್ರಾಮಾಣಿಕವಾದ ಆ ಚೀಟಿಯಲ್ಲಿ ಇರಲಿಲ್ಲ. ಕೇಳಿದ ಮೇಲಷ್ಟೇ ಒಪ್ಪಿಕೊಂಡರು. ಬಟ್ಟೆ ಸುತ್ತಿದ ಹಳೆಯ ತಂತಿ ಬದಲಿಸುವ ಖರ್ಚು ಕೊಳ್ಳುವವರದೇ, ಲೋಲಕಗಳನ್ನು ಬಿಡಿಬಿಡಿಯಾಗಿ ಸುತ್ತಿ ಕಟ್ಟಿಕೊಡುವುದಕ್ಕೂ ಬೇರೆ ಹಣ. 4,200 ಯೂರೋ ಕೇಳುವ ಅಂಗಡಿಯಲ್ಲಿ ಇದು ನನಗೆ ಜುಗ್ಗತನವಾಗಿ ಕಂಡಿತು.

ಎರಡನೆಯ ಶನಿವಾರ ಹೋದಾಗ ಐದನೆಯ ಕೈ ತನ್ನ ಜಾಗಕ್ಕೆ ಮರಳಿ ದೀಪ ನೆಟ್ಟಗೆ ನಿಂತಿತ್ತು. ಬೆಲೆ ಮಾತ್ರ ಇಳಿದಿರಲಿಲ್ಲ.