ಮಾರ್ಜಿನ್ ಬೈಬಲ್: ಮೂರು ವರ್ಷ ಬಳಸಿದ ಮೇಲೆ

ಇದು ಬೈಬಲ್ಲಿನ ವಿಮರ್ಶೆ ಅಲ್ಲ, ಅಷ್ಟು ಧೈರ್ಯ ನನಗಿಲ್ಲ. ಮೂರು ವರ್ಷದಿಂದ ನನ್ನ ಬಳಿ ಇರುವ ಒಂದು ಪ್ರತಿಯ ಬಗ್ಗೆ ಬರೆಯುತ್ತಿದ್ದೇನೆ. ಪುಟದ ಪಕ್ಕ ಎರಡು ಬೆರಳಗಲ ಖಾಲಿ ಜಾಗ ಬಿಟ್ಟು, ಟಿಪ್ಪಣಿ ಬರೆದುಕೊಳ್ಳಲು ಅದರಲ್ಲಿ ತೆಳ್ಳನೆಯ ಗೆರೆ ಹಾಕಿ ಕೊಡುತ್ತಾರಲ್ಲ, ಆ ಬಗೆಯದು. ದೊಡ್ಡ ಅಕ್ಷರ, ಎರಡು ರಿಬ್ಬನ್, ಮೆತ್ತನೆಯ ರಟ್ಟು. ಇಂಥದ್ದನ್ನು ಹಲವು ಪ್ರಕಾಶಕರು ತರುತ್ತಾರೆ. ನನ್ನದು ಯಾರದ್ದು ಅಂತ ಹೇಳುವುದಿಲ್ಲ, ಯಾಕೆಂದರೆ ದೂರುಗಳೂ ಇವೆ.

ತೆಗೆದುಕೊಂಡದ್ದು ಕೆಲಸ ಹೋದ ವಾರ. ಮಧ್ಯಾಹ್ನ ನಾಲ್ಕಕ್ಕೆ ಮೇಲ್ ಬಂತು, ಐದಕ್ಕೆ ಲ್ಯಾಪ್‌ಟಾಪ್ ಲಾಕ್ ಆಯಿತು. ಮನೆ ಸಾಲ ಇನ್ನೂ ಒಂಬತ್ತು ವರ್ಷ ಬಾಕಿ. ರಾತ್ರಿ ಮೂರಕ್ಕೆ ಎಚ್ಚರ ಆಗುತ್ತಿತ್ತು. ಫೋನ್ ತೆಗೆದು ಕೆಲಸದ ಜಾಹೀರಾತು ನೋಡುತ್ತಾ ನೋಡುತ್ತಾ ಎಲ್ಲಿಯದೋ ಯುದ್ಧದ ಸುದ್ದಿಗೆ ಹೋಗಿ ಕೂತಿರುತ್ತಿದ್ದೆ. ಬೈಬಲ್ ಆ್ಯಪ್ ಫೋನಿನಲ್ಲೇ ಇತ್ತು. ಆದರೆ ಕೀರ್ತನೆ, ಅಂದರೆ ಬೈಬಲ್ಲಿನ ಪ್ರಾರ್ಥನಾ ಗೀತೆ, ಓದುತ್ತಿದ್ದಾಗಲೇ ಮೇಲಿಂದ ನೋಟಿಫಿಕೇಶನ್ ಇಳಿಯುತ್ತಿತ್ತು. ಕಣ್ಣು ಅತ್ತ ಹೋಗದೆ ಇರುತ್ತಾ? ಕಾಗದದ್ದೇ ಬೇಕು ಅನ್ನಿಸಿತು.

ಮೊದಲ ದೂರು ಕೊನೆಯ ಪುಟಗಳ ಮೇಲೆ. ಅಲ್ಲಿ ‘ಯಾವಾಗ ಏನು ಓದಬೇಕು’ ಅಂತ ಒಂದು ಪಟ್ಟಿ ಇದೆ. ಭಯ ಆದಾಗ ಇದು, ನಿದ್ದೆ ಬಾರದಿದ್ದಾಗ ಅದು. ಥೇಟ್ ಡಾಕ್ಟರ ಚೀಟಿ. ಮುಂದೇನಪ್ಪಾ ಎಂಬ ಚಿಂತೆಗೆ ಯೆರೆಮೀಯ 29:11 ಅಂತ ಬರೆದಿದೆ. ನಿಮ್ಮ ಬಗ್ಗೆ ನನ್ನ ಯೋಚನೆ ಒಳ್ಳೆಯದೇ, ನಿಮಗೆ ಮುಂದೆ ನಿರೀಕ್ಷೆ ಇದೆ ಎಂದು ದೇವರು ಹೇಳುವ ವಾಕ್ಯ. ಕ್ರೈಸ್ತರ ಮನೆಗಳ ಗೋಡೆಯ ಮೇಲೆ, ಕ್ಯಾಲೆಂಡರಿನಲ್ಲಿ ಎಲ್ಲ ಕಡೆ ಇರುತ್ತೆ. ನಾನು ಅದನ್ನು ಓದಿ, ಮುಂದಿನ ತಿಂಗಳು ಕೆಲಸ ಸಿಗುತ್ತೆ ಅಂತ ಅರ್ಥ ಮಾಡಿಕೊಂಡೆ. ಮುಂದಿನ ತಿಂಗಳು ಸಿಗಲಿಲ್ಲ. ಅದರ ಮುಂದಿನ ತಿಂಗಳೂ ಇಲ್ಲ. ಸಿಟ್ಟು ಬಂದು ಇಡೀ ಅಧ್ಯಾಯ ಓದಿದೆ. ಹನ್ನೊಂದನೆಯ ವಾಕ್ಯದ ತಲೆಯ ಮೇಲೇ ಹತ್ತನೆಯದು ಕೂತಿದೆ: ಎಪ್ಪತ್ತು ವರ್ಷ ತುಂಬಿದ ಮೇಲೆ! ಬಾಬೆಲಿಗೆ ಸೆರೆ ಹೋದ ಯೆಹೂದ್ಯರಿಗೆ ಪ್ರವಾದಿ ಯೆರೆಮೀಯ ಬರೆದ ಪತ್ರ ಅದು. ಆ ಪತ್ರ ಓದಿದ ದೊಡ್ಡವರಲ್ಲಿ ಎಷ್ಟು ಜನ ವಾಪಸ್ ಬರುವ ದಿನ ನೋಡಿದರೋ. ಅವರಿಗೆ ಐದನೆಯ ವಾಕ್ಯದಲ್ಲಿ ಹೇಳಿರುವುದು, ಅಲ್ಲೇ ಮನೆ ಕಟ್ಟಿ, ತೋಟ ಹಾಕಿ ಅಂತ. ಪಟ್ಟಿ ಮಾಡಿದವರು ಇದನ್ನೆಲ್ಲ ಬಿಟ್ಟು ಒಂದೇ ಸಾಲು ಕತ್ತರಿಸಿ ಕೊಟ್ಟಿದ್ದಾರೆ.

ವಿಚಿತ್ರ ಅಂದರೆ, ಎಪ್ಪತ್ತು ವರ್ಷದ ಮಾತು ಓದಿದ ಮೇಲೇ ನನಗೆ ಸ್ವಲ್ಪ ನೆಮ್ಮದಿ ಆದದ್ದು. ಕಾಯುವುದು ಅಂದರೆ ಕೈಕಟ್ಟಿ ಕೂರುವುದಲ್ಲ ಅಂತ ಆಯಿತಲ್ಲ. ಆ ವಾರ ಎರಡು ಮಕ್ಕಳಿಗೆ ಗಣಿತ ಪಾಠ ಹೇಳಲು ಶುರು ಮಾಡಿದೆ. ಮಾರ್ಜಿನ್‌ನಲ್ಲಿ ತಾರೀಕು ಹಾಕಿ ‘ತೋಟ’ ಅಂತ ಬರೆದಿದ್ದೇನೆ. ಬೇರೆಯವರು ನೋಡಿದರೆ ಏನೂ ಅರ್ಥ ಆಗಲಿಕ್ಕಿಲ್ಲ.

ಪಟ್ಟಿಯ ಮುಂದಿನ ಪುಟದಲ್ಲಿರುವ ಚಾರ್ಟ್ ಮಾತ್ರ ಬಂಗಾರ. 150 ಕೀರ್ತನೆಗಳನ್ನು 30 ದಿನಕ್ಕೆ, ಬೆಳಿಗ್ಗೆ ಮತ್ತು ಸಂಜೆ ಅಂತ ಹಂಚಿದ್ದಾರೆ. ಹಳೆಯ ಕ್ರಮ ಇದು, 1549ರ ಆಂಗ್ಲಿಕನ್ (ಇಂಗ್ಲೆಂಡಿನ ಚರ್ಚಿನ) ಪ್ರಾರ್ಥನಾ ಪುಸ್ತಕದ ಕಾಲದ್ದು. ತಿಂಗಳಿಗೆ 31 ದಿನ ಇದ್ದರೆ 30ರ ಪಾಠವನ್ನೇ ಇನ್ನೊಮ್ಮೆ ಓದುವುದು. ಇದರಲ್ಲಿ ನಿಮ್ಮ ಮನಸ್ಸು ಹೇಗಿದೆ ಅಂತ ಯಾರೂ ಕೇಳುವುದಿಲ್ಲ. 9ನೇ ತಾರೀಕು ಬೆಳಿಗ್ಗೆ 46ನೇ ಕೀರ್ತನೆ ಬಂದೇ ಬರುತ್ತೆ. ಬೆಟ್ಟ ಸಮುದ್ರಕ್ಕೆ ಬಿದ್ದರೂ ಹೆದರೆವು ಎನ್ನುವ ಕೀರ್ತನೆ. ನೀವು ಅಂದು ಹೆದರಿದ್ದರೂ ಓದಬೇಕು, ಹಾಯಾಗಿದ್ದರೂ ಓದಬೇಕು. ಅದರ ಹತ್ತನೆಯ ವಾಕ್ಯದಲ್ಲಿ ಸುಮ್ಮನಿರಿ, ನಾನೇ ದೇವರು ಅಂತ ಬರುತ್ತಲ್ಲ, ಅಲ್ಲಿಯ ಹೀಬ್ರೂ ಪದಕ್ಕೆ ಹಿಡಿತ ಸಡಿಲ ಬಿಡುವುದು ಎಂಬ ಅರ್ಥ ಇದೆ. ಅದನ್ನು ತಿಳಿದ ದಿನ ನನ್ನ ಕೈ ನೋಡಿಕೊಂಡೆ. ಪೆನ್ಸಿಲ್ಲನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆ ಅಂದರೆ ಬೆರಳಿನ ತುದಿ ಬೆಳ್ಳಗಾಗಿತ್ತು.

17ನೇ ತಾರೀಕು ಬೆಳಿಗ್ಗೆ 88 ಬರುತ್ತೆ. ಆ ಕೀರ್ತನೆಯಲ್ಲಿ ಕೊನೆಗೂ ಬೆಳಕಿಲ್ಲ, ಕತ್ತಲೆಯಲ್ಲೇ ಮುಗಿಯುತ್ತೆ. ‘ಯಾವಾಗ ಏನು’ ಪಟ್ಟಿಯಲ್ಲಿ ಇದರ ಹೆಸರೇ ಇಲ್ಲ, ಹುಡುಕಿ ನೋಡಿದ್ದೇನೆ. ನನ್ನ ಪ್ರತಿಯಲ್ಲಿ ಅದರ ಪಕ್ಕ ‘ಅಪ್ಪ’ ಅಂತ ಒಂದೇ ಪದ ಇದೆ, ಕೆಳಗೆ ತಾರೀಕು. ಅವರು ಉಳಿಯಲಿ ಅಂತ ಆರು ವಾರ ಪ್ರಾರ್ಥನೆ ಮಾಡಿದ್ದೆ. ಉಳಿಯಲಿಲ್ಲ. ಅವತ್ತು ಬಂದವರೆಲ್ಲ ಒಳ್ಳೊಳ್ಳೆಯ ವಾಕ್ಯ ಹೇಳಿದರು. ನನಗೆ ಜೊತೆ ಕೊಟ್ಟದ್ದು ಇದು.

ಎರಡನೆಯ ರಿಬ್ಬನ್ ಅಪೊಸ್ತಲರ ಕೃತ್ಯಗಳು ಎಂಬ ಭಾಗದ 27ನೇ ಅಧ್ಯಾಯದಲ್ಲಿ ಕಾಯಂ ಇರುತ್ತೆ. ಯೇಸುವಿನ ಸುವಾರ್ತೆ ಸಾರುತ್ತಿದ್ದ ಪೌಲನನ್ನು ಕೈದಿಯಾಗಿ ರೋಮಿಗೆ ಒಯ್ಯುತ್ತಿದ್ದ ಹಡಗು ಬಿರುಗಾಳಿಗೆ ಸಿಕ್ಕ ಕಥೆ. ಹಡಗಿನಲ್ಲಿ 276 ಜನ. ಹದಿನಾಲ್ಕನೆಯ ರಾತ್ರಿ ನಾವಿಕರು ಹಗ್ಗ ಇಳಿಸಿ ಆಳ ನೋಡುತ್ತಾರೆ, ಇಪ್ಪತ್ತು ಮಾರು. ಸ್ವಲ್ಪ ಮುಂದೆ ಹೋಗಿ ನೋಡಿದರೆ ಹದಿನೈದು. ಬಂಡೆಗೆ ಬಡಿದೇವು ಎಂಬ ಹೆದರಿಕೆಗೆ ಹಿಂಬದಿಯಿಂದ ನಾಲ್ಕು ಲಂಗರು ಬಿಟ್ಟು, ಬೆಳಗಾದರೆ ಸಾಕು ಅಂತ ಕಾಯುತ್ತಾರೆ. ರಾತ್ರಿ ಮೂರಕ್ಕೆ ಎದ್ದು ಕೂತವರಿಗೆ ಇದಕ್ಕಿಂತ ಜಾಸ್ತಿ ಏನು ಹೇಳಬೇಕು? ಪೌಲನಿಗೆ ದೇವದೂತನಿಂದ ಸಿಕ್ಕ ಮಾತನ್ನೂ ಗಮನಿಸಿ. ಒಂದು ಪ್ರಾಣವೂ ಹೋಗುವುದಿಲ್ಲ, ಆದರೆ ಹಡಗು ಹೋಗುತ್ತೆ. ಹೋಗಿಯೇ ಹೋಯಿತು. ಕೆಲವರು ಈಜಿ, ಕೆಲವರು ಹಲಗೆ ಹಿಡಿದು ದಡ ಸೇರಿದರು. ಆ ಪುಟದಲ್ಲಿ ನನ್ನ ಹಳೇ ಕಂಪನಿಯ ಮೊದಲ ಅಕ್ಷರ ಬರೆದು, ಪಕ್ಕದಲ್ಲಿ ಒಂದು ಪುಟ್ಟ ಹಡಗು ಬಿಡಿಸಿದ್ದೇನೆ. ಚಿತ್ರ ಚೆನ್ನಾಗಿಲ್ಲ.

ಇನ್ನು ವಸ್ತುವಿನ ಮಾತು. ಕಾಗದ ತುಂಬಾ ತೆಳು. ಜೆಲ್ ಪೆನ್ನಿನಲ್ಲಿ ಬರೆದರೆ ಹಿಂದಿನ ಪುಟಕ್ಕೆ ಇಳಿಯುತ್ತೆ. ನನ್ನ ಮೊದಲ ವಾರದ ಗೋಳೆಲ್ಲ ಹಿಂಬದಿಯ ವಂಶಾವಳಿಯ ಮೇಲೆ ನೀಲಿ ಕಲೆಯಾಗಿ ಕೂತಿದೆ. ಬಾಲ್ ಪೆನ್ ಪರವಾಗಿಲ್ಲ, ಪೆನ್ಸಿಲ್ ಎಲ್ಲಕ್ಕಿಂತ ಒಳ್ಳೆಯದು. ಹೈಲೈಟರ್ ಹತ್ತಿರ ತರಬೇಡಿ. ಬರೆಯುವಾಗ ಪುಟದ ಅಡಿಗೆ ಒಂದು ದಪ್ಪ ಕಾರ್ಡ್ ಇಟ್ಟುಕೊಳ್ಳಿ, ಇಲ್ಲದಿದ್ದರೆ ಕೆಳಗಿನ ನಾಲ್ಕು ಪುಟಕ್ಕೆ ಅಚ್ಚು ಬೀಳುತ್ತೆ. ಒಳಬದಿಯ ಮಾರ್ಜಿನ್ ಕೊಟ್ಟೂ ಪ್ರಯೋಜನ ಇಲ್ಲ, ಅಲ್ಲಿ ಪುಟ ಒಳಕ್ಕೆ ಬಾಗಿ ಕೈಯೇ ಹೋಗುವುದಿಲ್ಲ. ಅಕ್ಷರ ಚೆನ್ನಾಗಿದೆ. ಕನ್ನಡಕ ಮರೆತರೂ ಓದಬಹುದು.

ದೊಡ್ಡ ದೂರು ಬೈಂಡಿಂಗ್. ಹೊಲಿಗೆ ಹಾಕಿಲ್ಲ, ಬರೀ ಅಂಟು. ನಾನು ಆಗ ನೋಡಲಿಲ್ಲ. ನೀವು ಕೊಳ್ಳುವಾಗ ಪುಸ್ತಕದ ಬೆನ್ನನ್ನು ಮೇಲಿನಿಂದ ನೋಡಿ. ಪುಟಗಳು ಸಣ್ಣ ಸಣ್ಣ ಕಟ್ಟುಗಳಾಗಿ ಮಡಚಿ, ನಡುವೆ ದಾರ ಕಂಡರೆ ತೆಗೆದುಕೊಳ್ಳಿ. ಅಂಥದ್ದನ್ನು ಮೇಜಿನ ಮೇಲೆ ಬಿಡಿಸಿಟ್ಟರೆ ಮಟ್ಟಸವಾಗಿ ನಿಲ್ಲುತ್ತೆ. ನನ್ನದು ಪದೇ ಪದೇ ಮುಚ್ಚಿಕೊಳ್ಳುತ್ತೆ. ಎರಡನೇ ವರ್ಷ ಕೀರ್ತನೆಗಳ ನಡುವೆ ಬೆನ್ನು ಸೀಳಿತು. ಈಗ ಮೂರು ಹಾಳೆ ಬಿಡಿಯಾಗಿವೆ. ಮಾರಿದವರಿಗೆ ಫೋಟೊ ಕಳಿಸಿದೆ. ‘ಹೆಚ್ಚು ಬಳಸಿದ್ದೀರಿ’ ಎಂಬ ಉತ್ತರ ಬಂತು. ಬೈಬಲ್ ಮಾರುವವರು ಹೇಳುವ ಮಾತಾ ಇದು?

ಬದಲಿ ಪ್ರತಿ ಕೊಡಲೂ ಇಲ್ಲ. ಕೊಟ್ಟಿದ್ದರೂ ಏನು ಮಾಡುತ್ತಿದ್ದೆನೋ. ಹೊಸದರಲ್ಲಿ ‘ತೋಟ’ ಇರುತ್ತಿರಲಿಲ್ಲ, ‘ಅಪ್ಪ’ನೂ ಇರುತ್ತಿರಲಿಲ್ಲ. ಹದಿನಾಲ್ಕನೇ ತಿಂಗಳು ಕೆಲಸ ಸಿಕ್ಕಿತು, ಮೊದಲಿಗಿಂತ ಕಡಿಮೆ ಸಂಬಳಕ್ಕೆ. ಆ ತಾರೀಕು ಕೂಡ ಇದರಲ್ಲೇ ಇದೆ, ಬಿಡಿ ಹಾಳೆಯೊಂದರ ಮೇಲೆ.

ಐದರಲ್ಲಿ ಮೂರೂವರೆ. ಆ ಅರ್ಧ ಚಾರ್ಟಿಗೆ ಕೊಟ್ಟದ್ದು. ಹಾಳೆ ಬಿಡಿಯಾದರೆ ಸೆಲ್ಲೋಟೇಪ್ ಹಚ್ಚಬೇಡಿ, ವರ್ಷದಲ್ಲಿ ಹಳದಿಯಾಗಿ ಅಕ್ಷರ ಮುಚ್ಚುತ್ತೆ. ಬೈಂಡರ್ ಹತ್ತಿರ ಕೊಡಿ. ನಾನು ಈ ತಿಂಗಳು 30 ಮುಗಿದ ಮೇಲೆ ಕೊಡುತ್ತೇನೆ. ಮಧ್ಯದಲ್ಲಿ ಕೊಟ್ಟರೆ ಓದುವುದು ತಪ್ಪುತ್ತೆ.