ಕ್ಲಚ್ ಕೇಬಲ್ ಹಾಕಿಸುವಾಗ ರಬ್ಬರ್ ಬೂಟಿನ ಮೇಲೆ ಕಣ್ಣಿರಲಿ

ಗ್ಯಾರೇಜೊಂದರಲ್ಲಿ ಹಾಕಿಸಿದ ಹೊಸ ಕ್ಲಚ್ ಕೇಬಲ್ ಒಂದೇ ಮಳೆಗಾಲಕ್ಕೆ ಕೈಕೊಟ್ಟಿತು. ಸಿಗ್ನಲಿನಲ್ಲಿ ಮೊದಲ ಗೇರ್ ಹಾಕಿ, ಕ್ಲಚ್ ಹಿಡಿದು ನಿಂತಿದ್ದೆ. ಟಪ್ ಎಂದಿತು. ಲಿವರ್ ಸಡಿಲವಾಗಿ ಹಿಡಿಕೆಗೆ ತಾಗಿತು, ಬೈಕು ಮುಂದಕ್ಕೆ ಜಿಗಿದು ಎಂಜಿನ್ ನಿಂತುಹೋಯಿತು. ಕಾಲು ಬ್ರೇಕಿನ ಮೇಲಿದ್ದುದರಿಂದ ಮುಂದಿನ ಕಾರಿಗೂ ನನ್ನ ಚಕ್ರಕ್ಕೂ ನಡುವೆ ಗೇಣು ಜಾಗ ಉಳಿಯಿತು.

ಕೇಬಲ್ ಬಿಚ್ಚಿದಾಗ ಕಾರಣ ಕಣ್ಣಿಗೇ ಬಿತ್ತು. ಲಿವರಿನ ಬುಡದಲ್ಲಿ ಅಡ್ಜಸ್ಟರನ್ನು, ಅಂದರೆ ಕೇಬಲ್ಲಿನ ಬಿಗಿತ ಹೊಂದಿಸುವ ಸ್ಕ್ರೂವನ್ನು, ಮುಚ್ಚುವ ರಬ್ಬರ್ ಬೂಟನ್ನು ಬ್ಲೇಡಿನಿಂದ ಉದ್ದಕ್ಕೂ ಸೀಳಿ ತೊಡಿಸಿದ್ದರು. ಕೇಬಲ್ಲಿನ ತುದಿಯನ್ನು ಲಿವರಿಗೆ ಸಿಕ್ಕಿಸುವ ಮೊದಲೇ ಬೂಟನ್ನು ಕೇಬಲ್ಲಿಗೆ ಏರಿಸಿಕೊಂಡಿರಬೇಕು. ಅದನ್ನು ಮರೆತವರು ಮತ್ತೆ ಎಲ್ಲವನ್ನೂ ಬಿಚ್ಚಬೇಕಾಗುತ್ತದೆ. ಬಿಚ್ಚುವ ಬೇಸರಕ್ಕೆ ಬ್ಲೇಡು ಕೈಗೆ ಬರುತ್ತದೆ. ಕೇಳಿದರೆ, "ಅದು ಬರೀ ಅಲಂಕಾರಕ್ಕೆ ಸರ್, ಇಲ್ಲದಿದ್ದರೂ ನಡೆಯುತ್ತದೆ" ಎಂಬ ಉತ್ತರ.

ನಡೆಯುವುದಿಲ್ಲ. ಕೇಬಲ್ ಒಳಗೆ ಹೋಗಲೆಂದು ಅಡ್ಜಸ್ಟರಿಗೂ ಅದನ್ನು ಅಲುಗದಂತೆ ಹಿಡಿದಿಡುವ ಲಾಕ್ ನಟ್ಟಿಗೂ ಉದ್ದದ ಸೀಳಿರುತ್ತದೆ. ನನ್ನ ಬೈಕಿನಲ್ಲಿ ಆ ಸೀಳುಗಳೆರಡನ್ನೂ ಒಂದೇ ಸಾಲಿಗೆ, ಆಕಾಶ ನೋಡುವಂತೆ ಬಿಟ್ಟಿದ್ದರು. ಮೇಲಿನ ಬೂಟೂ ಸೀಳಿದೆಯೆಂದರೆ ಮಳೆನೀರಿಗೆ ಲಾಳಿಕೆ ಇಟ್ಟಂತೆ. ನೀರು ನೇರ ಹೊರಕವಚದೊಳಗೆ ಇಳಿದಿತ್ತು. ಒಳಗಿನ ಉಕ್ಕಿನ ಎಳೆಗಳು ಕೆಂಪು ತುಕ್ಕು ಹಿಡಿದು ಪೊರಕೆಯ ತುದಿಯ ಹಾಗೆ ಬಿಚ್ಚಿಕೊಂಡಿದ್ದವು. ಸಾಲದೆಂಬಂತೆ ಲಿವರಿನೊಳಗೆ ಕೂರುವ ನಿಪ್ಪಲ್ಲಿಗೆ, ಅಂದರೆ ಕೇಬಲ್ಲಿನ ತುದಿಯ ಲೋಹದ ಗುಂಡಿಗೆ, ಗ್ರೀಸಿನ ಸುಳಿವೇ ಇರಲಿಲ್ಲ. ಲಿವರ್ ಒತ್ತಿದಾಗ ನಿಪ್ಪಲ್ ತನ್ನ ಗೂಡಿನಲ್ಲಿ ತಿರುಗಬೇಕು. ಒಣಗಿ ಬಿಗಿಯಾದರೆ ಅದರ ಬದಲು ತಂತಿಯೇ ಬಾಗುತ್ತದೆ, ಪ್ರತಿ ಸಲವೂ ಅದೇ ಜಾಗದಲ್ಲಿ. ಕೇಬಲ್ ತುಂಡಾದದ್ದೂ ಅಲ್ಲಿಯೇ.

ಆದ್ದರಿಂದ ಗ್ಯಾರೇಜಿನಲ್ಲಿ ಚಹಾ ಕುಡಿಯಲು ಹೋಗದೆ ಪಕ್ಕದಲ್ಲಿ ನಿಂತು ನೋಡಿ. ಬೂಟು ಮೊದಲು ಏರಬೇಕು. ರಬ್ಬರ್ ಗಡುಸಾಗಿದ್ದರೆ ಬಿಸಿನೀರಿನಲ್ಲಿ ನೆನೆಸಿ, ಸೋಪಿನ ನೀರು ಸವರಿದರೆ ಜಾರುತ್ತದೆ. ಪೆಟ್ರೋಲು, ಎಂಜಿನ್ ಆಯಿಲ್ ಹಚ್ಚಿದರೆ ಸಾಮಾನ್ಯ ರಬ್ಬರ್ ಉಬ್ಬಿ ಹಾಳಾಗುತ್ತದೆ. ನಿಪ್ಪಲ್ಲಿಗೆ ಗ್ರೀಸ್ ಹಚ್ಚಿಸಿ. ಅಡ್ಜಸ್ಟರ್ ಮತ್ತು ಲಾಕ್ ನಟ್ಟಿನ ಸೀಳುಗಳು ಒಂದರ ಮೇಲೊಂದು ಬಾರದಂತೆ ತಿರುಗಿಸಿ ಬಿಗಿ ಮಾಡಿಸಿದ ಮೇಲೆಯೇ ಬೂಟನ್ನು ಕೆಳಗಿನಿಂದ ಎಳೆದು ಕೂರಿಸಲು ಹೇಳಿ. ಸೀಳಿದ ಬೂಟು ಕಂಡರೆ ಹಣ ಕೊಡುವ ಮೊದಲೇ ಬದಲಿಸಲು ಪಟ್ಟು ಹಿಡಿಯಿರಿ.

ಹೊರಡುವ ಮುನ್ನ ಎಂಜಿನ್ ಚಾಲೂ ಇಟ್ಟು, ನ್ಯೂಟ್ರಲಿನಲ್ಲಿ, ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ. ಯಾವುದೇ ಕಡೆ ಲಿವರ್ ಬಿಗಿಯಾದರೆ ಕೇಬಲ್ ಹಾದಿ ತಪ್ಪಿದೆ ಎಂದೇ ಅರ್ಥ. ಲಿವರಿನ ತುದಿಯಲ್ಲಿ ಸಡಿಲ ಎಷ್ಟಿರಬೇಕೆಂದು ಬೈಕಿನ ಕೈಪಿಡಿಯಲ್ಲಿರುತ್ತದೆ. ಬಹಳಷ್ಟು ಬೈಕುಗಳಿಗೆ ಅದು 10ರಿಂದ 20 ಮಿಲಿಮೀಟರ್. ಸಡಿಲವೇ ಇಲ್ಲದಂತೆ ಬಿಗಿದರೆ ಕ್ಲಚ್ ಜಾರಿ ಪ್ಲೇಟುಗಳು ಸುಡುತ್ತವೆ, ಆ ಖರ್ಚಿನ ಮುಂದೆ ಕೇಬಲ್ಲಿನದು ಏನೂ ಅಲ್ಲ.