ಅಂಬಾಸಿಡರ್ ರಾಕರ್ ಕವರ್ ಲೀಕ್: ಕಾರ್ಕೋ, ಸಿಲಿಕೋನ್ ಪೇಸ್ಟೋ?

ಹಳೆಯ 1489 ಸಿಸಿ ಎಂಜಿನ್ನಿನ ರಾಕರ್ ಕವರ್ (ಎಂಜಿನ್ ಮೇಲ್ಭಾಗದ ಮುಚ್ಚಳ) ಅಂಚಿನಿಂದ ಎಣ್ಣೆ ಜಿನುಗಿದರೆ ಕಾರ್ಕ್ ಪ್ಯಾಕಿಂಗೇ ವಾಸಿ. ಟ್ಯಾಪೆಟ್ ಸೆಟ್ಟಿಂಗ್‌ಗೆ (ವಾಲ್ವ್ ಸಂದು ಸರಿಪಡಿಸಲು) ಕವರ್ ಸಲೀಸಾಗಿ ಕಳಚುತ್ತದೆ. ಕವರಿನ ಬದಿಗೆ ಮಾತ್ರ ಅಂಟಿಸಿ, ಅದು ಕೂರುವ ಎಂಜಿನ್ ಹೆಡ್ ಬದಿ ಒಣಗಿರಲಿ. ಎರಡು ನಟ್‌ಗೂ ಸುಮಾರು 5 ನ್ಯೂಟನ್ ಮೀಟರ್ ಬಿಗಿ ಸಾಕು. ಹೆಚ್ಚಾದರೆ ಕಾರ್ಕ್ ಹಿಂಡಿಕೊಂಡು ಹೊರಬರುತ್ತದೆ, ಕವರೂ ಸೊಟ್ಟಗಾಗುತ್ತದೆ. ನಟ್ ಕೆಳಗಿನ ರಬ್ಬರ್ ಬುಷ್ ಕಲ್ಲಾಗಿದ್ದರೆ ಅದನ್ನೂ ಬದಲಿಸಿ.

ಸಿಲಿಕೋನ್ ಸೊಟ್ಟ ಕವರಿಗೂ ಹೊಂದುತ್ತದೆ. ಗಾಳಿಯ ತೇವದಿಂದಲೇ ಗಟ್ಟಿಯಾಗುವ ವಸ್ತು, ಹಾಗಾಗಿ ಕೊಡಗಿನ ಮಳೆಗಾಲ ಅಡ್ಡಿಯಲ್ಲ. ಒರೆಸದೆ ಬಿಟ್ಟ ಜಿಡ್ಡು ಅಡ್ಡಿ. 3 ಮಿಲಿಮೀಟರ್ ದಪ್ಪದ ಗೆರೆ ಎಳೆದು ಒಂದು ದಿನ ಬಿಡಿ. ಧಾರಾಳವಾಗಿ ಮೆತ್ತಿದರೆ ಒಳಗೆ ಕಳಚಿದ ಚೂರು ಸಂಪಿನ (ಎಂಜಿನ್ ತಳದ ಎಣ್ಣೆ ತೊಟ್ಟಿಯ) ಜಾಲರಿಗೆ ಸಿಕ್ಕಿಕೊಳ್ಳುತ್ತದೆ.

ಮಡಿಕೇರಿಯ ಏರಿನಲ್ಲಿ ಮೂತಿ ಮೇಲಾಗಿ ನಿಲ್ಲಿಸಿದಾಗ ಕ್ಲಚ್ ಹೌಸಿಂಗಿನಿಂದ ತೊಟ್ಟಿಕ್ಕುವುದೇ? ಕ್ರ್ಯಾಂಕಿನ (ಎಂಜಿನ್ನಿನ ಮುಖ್ಯ ತಿರುಗು ದಂಡ) ಹಿಂಬದಿಯ ತಿರುಪು ಗೆರೆ ತಿರುಗುವಾಗ ಮಾತ್ರ ಎಣ್ಣೆಯನ್ನು ಎಂಜಿನ್ ಒಳಕ್ಕೆ ಹಿಂದೆಳೆಯುತ್ತದೆ, ನಿಂತಾಗ ಸೋರುತ್ತದೆ. ಅಲ್ಲಿಗೆ ಕಾರ್ಕ್, ಸಿಲಿಕೋನ್ ಎರಡೂ ಉಪಯೋಗವಿಲ್ಲ.